ಕಿಲೆಲೆಶ್ವಾದಲ್ಲಿ ಕಪಿಲೆ ಹಾಡು

ಮೈಸೂರಿನ ನಮ್ಮ ಬೀದಿಯ ತುದಿಯಲ್ಲಿ ಹಳೆಯ ಮೇಜು ಕುರ್ಚಿಗಳಿಗೆ ಹೊಳಪು ಕೊಟ್ಟು ಮಾರುವ ಅಂಗಡಿಯೊಂದಿದೆ. ಅದರ ಮುಂದೆ ಹಾಯುವಾಗಲೆಲ್ಲ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಮರಕ್ಕೆ ತಿಕ್ಕುವ ಮೇಣದ ವಾಸನೆ ಅದು, ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಜೇನುಗೂಡು ಬೆರೆತ ಹಾಗೆ. ಏನೋ ಕೊಳ್ಳುತ್ತೇನೆಂದುಕೊಂಡು ಅಂಗಡಿಯವನು ಎದ್ದು ಬಂದು ನಿರಾಶನಾಗಿದ್ದೂ ಉಂಟು, ಪಾಪ. ನನಗೆ ಬೇಕಾದ್ದು ಅವನ ಹತ್ತಿರ ಇಲ್ಲ ಎಂದು ಹೇಗೆ ಹೇಳಲಿ? ನನಗೆ ಬೇಕಾದ್ದು ನೈರೋಬಿಯ ಕಿಲೆಲೆಶ್ವಾದ ಒಂದು ಮನೆ, ಶನಿವಾರ ಮೇಣ ತಿಕ್ಕಿಸಿಕೊಂಡು ಭಾನುವಾರಕ್ಕೆ ಫಳಫಳ ಹೊಳೆಯುತ್ತಿದ್ದ ಅದರ ಮರದ ನೆಲ, ಆ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಅಡುಗೆಮನೆಯಿಂದ ಹಜಾರದವರೆಗೆ ಜಾರುತ್ತಿದ್ದ ಹನ್ನೊಂದು ವರ್ಷದ ನಾನು, ಮತ್ತು ಹಜಾರದಲ್ಲಿ ಗಿಟಾರು ತೊಡೆಯ ಮೇಲಿಟ್ಟುಕೊಂಡು ಜಗಳವಾಡುತ್ತಿದ್ದ ಇಬ್ಬರು ನರೆಗೂದಲಿನ ಗಂಡಸರು.

ಮನೆ ಲ್ಯಾನ್ಸಿ ಅಂಕಲ್ಲದು. ಮಂಗಳೂರಿನ ಕ್ರೈಸ್ತರು, ನೈರೋಬಿಗೆ ಬಂದು ಎಷ್ಟೋ ಕಾಲವಾಗಿತ್ತು. ಅವರೂ ಐರಿನ್ ಆಂಟಿಯೂ ತಮ್ಮತಮ್ಮಲ್ಲಿ ಕೊಂಕಣಿ ಆಡುತ್ತಿದ್ದರು, ನಮ್ಮ ಜೊತೆ ಅಚ್ಚ ಮಂಗಳೂರು ಕನ್ನಡ. ಅಪ್ಪನನ್ನು ಟೆಲಿಕಾಂ ಕಂಪನಿಯವರು ನೈರೋಬಿಗೆ ವರ್ಗ ಮಾಡಿದಾಗ ಅವರ ಮೇಲಿನ ಮಹಡಿಯ ಮನೆ ನಮಗೆ ಬಾಡಿಗೆಗೆ ಸಿಕ್ಕಿತ್ತು. ಎರಡನೆಯವರು ನೆಲಮಹಡಿಯ ಮ್ವಾಲಿಮು. ಮ್ವಾಲಿಮು ಎಂದರೆ ಮೇಷ್ಟ್ರು. ನ್ಯಾಹುರುರು ಕಡೆಯ ಚಳಿ ಊರಿನವರು, ಶಾಲೆಯಿಂದ ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಅವರಿಗೆ ಬೇರೆ ಹೆಸರಿತ್ತು, ಆದರೆ ಇಡೀ ಕಾಂಪೌಂಡಿನಲ್ಲಿ ಅದನ್ನು ಬಳಸಿದವರನ್ನು ನಾನು ಕಾಣೆ. ಭಾನುವಾರ ಇಗರ್ಜಿಯಿಂದ ಬಂದವರೇ ಅಗಲ ಅಂಚಿನ ಹ್ಯಾಟು ಹಾಕಿ, ಗಿಟಾರು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಐರಿನ್ ಆಂಟಿಯ ಸಾನ್ನ, ಅಂದರೆ ನಮ್ಮ ಇಡ್ಲಿಯ ಮೆತ್ತನೆಯ ತಂಗಿ, ಹಬೆಯಲ್ಲಿ ಉಬ್ಬುವ ಹೊತ್ತಿಗೆ ಸರಿಯಾಗಿ ಬಾಗಿಲು ಬಡಿಯುತ್ತಿತ್ತು.

ಅಮೆರಿಕದ ಹಳ್ಳಿಗಾಡಿನ ಹಾಡು, ಕಂಟ್ರಿ ಮ್ಯೂಸಿಕ್ ಅನ್ನುತ್ತಾರಲ್ಲ, ಅದಕ್ಕೆ ಕೀನ್ಯಾದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಾವೂ ಕೇಳಿದ್ದೆವು. ಭಾನುವಾರ ಬೆಳಗಾದರೆ ರೇಡಿಯೊದಲ್ಲಿ ಅದೇ, ನಮ್ಮನ್ನು ಪೇಟೆಗೆ ಒಯ್ಯುವ ಮಟಾಟು ವ್ಯಾನಿನಲ್ಲೂ ಅದೇ, ಗೇಟಿನ ಕಾವಲುಗಾರನ ಮೊಬೈಲಿನಲ್ಲೂ ಅದೇ. ಮನೆ ಬಿಟ್ಟು ಬಂದವನ ಹಾಡು, ಅಮ್ಮನನ್ನು ನೆನೆಯುವವನ ಹಾಡು. ಲ್ಯಾನ್ಸಿ ಅಂಕಲ್ಲಿಗೆ ಅದು ಮಂಗಳೂರಿನಿಂದಲೇ ಅಂಟಿದ ಹುಚ್ಚು. ಅವರ ತಂದೆ ಊಟಕ್ಕೆ ಮೊದಲು ಆ ರೆಕಾರ್ಡುಗಳನ್ನು ಹಾಕಿ, ಮಕ್ಕಳು ಸದ್ದು ಮಾಡಿದರೆ ಬೆತ್ತ ತೋರಿಸುತ್ತಿದ್ದರಂತೆ. ಹಾಗಾಗಿ ಇಬ್ಬರಿಗೂ ಹಾಡು ಒಂದೇ. ಜಗಳ ಅದಲ್ಲ. ಜಗಳ, ಆ ಹಾಡಿನ ಬೇರು ಎಲ್ಲಿಯದು ಎನ್ನುವುದು.

ಲ್ಯಾನ್ಸಿ ಅಂಕಲ್ ಪ್ರಕಾರ ಅದು ಹಡಗು ಹತ್ತಿ ಹೋದ ಐರಿಷ್ ಬಡವರ ಪಿಟೀಲಿನಲ್ಲಿ ಹುಟ್ಟಿ, ಇಗರ್ಜಿಯ ಕೀರ್ತನೆಯಲ್ಲಿ ಬೆಳೆದದ್ದು. ಮ್ವಾಲಿಮು ಪ್ರಕಾರ, ಬ್ಯಾಂಜೊ ಇಲ್ಲದೆ ಕಂಟ್ರಿ ಇಲ್ಲ, ಬ್ಯಾಂಜೊ ಎಂದರೆ ಸೋರೆಬುರುಡೆಗೆ ತೊಗಲು ಬಿಗಿದ ವಾದ್ಯ, ಅದನ್ನು ಕೈಯಲ್ಲಲ್ಲದಿದ್ದರೂ ತಲೆಯಲ್ಲಿ ಹೊತ್ತುಕೊಂಡು ಹೋದವರು ಸರಪಳಿ ಹಾಕಿಸಿಕೊಂಡ ಆಫ್ರಿಕದವರು. ಅವರು ಪಶ್ಚಿಮ ಆಫ್ರಿಕದವರು, ನಿಮ್ಮ ನ್ಯಾಹುರುರುವಿನಿಂದ ಯಾರೂ ಹೋಗಲಿಲ್ಲವಲ್ಲ ಎಂದು ಅಂಕಲ್ ಕೆಣಕಿದರೆ, ಮ್ವಾಲಿಮು ನಿಧಾನವಾಗಿ ಚಹಾ ಹೀರಿ, ಹಸು ಕಾಯುವವರೆಲ್ಲ ಒಂದೇ ಊರಿನವರು ಅನ್ನುತ್ತಿದ್ದರು. ಎಲ್ಲಕ್ಕಿಂತ ಜೋರು ಜಗಳ, ಗಾಯಕ ದನಿಯನ್ನು ಥಟ್ಟನೆ ಮುರಿದು ಮೇಲಕ್ಕೆ ಹಾರಿಸುತ್ತಾನಲ್ಲ, ಅದರದು. ಅಂಕಲ್ ಅದನ್ನು ಸ್ವಿಸ್ ಬೆಟ್ಟಗಳಿಗೆ ಕೊಟ್ಟರೆ, ಮ್ವಾಲಿಮು ಆಚೆ ದಿಣ್ಣೆಯ ಹಸುವನ್ನು ಈಚೆ ದಿಣ್ಣೆಯಿಂದ ಕೂಗುವ ತಮ್ಮ ಅಣ್ಣನಿಗೆ ಕೊಡುತ್ತಿದ್ದರು. ಒಮ್ಮೆ ಅಪ್ಪ, ಇಷ್ಟೇ ತಾನೇ, ಗೂಗಲ್ ಮಾಡಿಬಿಡೋಣ ಎಂದು ಫೋನು ತೆಗೆದರು. ಅಷ್ಟರವರೆಗೆ ಬದ್ಧವೈರಿಗಳಂತಿದ್ದ ಇಬ್ಬರೂ ಒಂದಾಗಿ ಅಪ್ಪನ ಮೇಲೆ ಬಿದ್ದರು. ಆ ಮನೆಯಲ್ಲಿ ಒಂದೇ ನಿಯಮ: ನಮ್ಮದು ಎಂದವನು ಸಾಕ್ಷಿಯನ್ನು ಗಂಟಲಿಂದ ತೆಗೆಯಬೇಕು, ಇಲ್ಲವೇ ತಂತಿಯಿಂದ. ಫೋನಿನಿಂದ ತೆಗೆಯಕೂಡದು.

ಈ ಗದ್ದಲದ ನಡುವೆ ನನ್ನ ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ನಾಗಮಂಗಲದ ಹಳ್ಳಿಯವಳು ಅಮ್ಮ. ಬೆಂಗಳೂರಿನಲ್ಲಿದ್ದಾಗ ಅವಳು ಹಾಡದ ಹೊತ್ತಿರಲಿಲ್ಲ. ರೊಟ್ಟಿ ತಟ್ಟುವಾಗ ಒಂದು, ನನ್ನ ತಲೆ ಬಾಚುವಾಗ ಒಂದು, ಎಲ್ಲಾ ಅವಳಪ್ಪ, ನನ್ನ ತಾತ, ಕಲಿಸಿದವು. ನಾವು ನೈರೋಬಿಗೆ ಬಂದ ಮೊದಲ ವರ್ಷವೇ ತಾತ ತೀರಿಕೊಂಡರು. ವಿಮಾನ ಬದಲಾಯಿಸಿ, ಕಾರು ಹಿಡಿದು ಅಮ್ಮ ಊರು ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ವಾಪಸು ಬಂದವಳು ಅಡುಗೆ ಮಾಡಿದಳು, ನನ್ನನ್ನು ಶಾಲೆಗೆ ಕಳಿಸಿದಳು, ಮಾರುಕಟ್ಟೆಯಲ್ಲಿ ಸೊಪ್ಪಿನವಳಿಗೆ ಅಸಾಂಟೆ ಎಂದು ಥ್ಯಾಂಕ್ಸ್ ಹೇಳುವುದನ್ನೂ ಕಲಿತಳು, ಆದರೆ ಹಾಡುವುದನ್ನು ಬಿಟ್ಟಳು. ನಮ್ಮ ಮನೆ ಮೂಕವಾಗಿಬಿಟ್ಟಿತು. ಅಪ್ಪ ಒಂದೆರಡು ಸಲ ಕೇಳಿ ಸೋತರು. ನಾನು ಬೇಕೆಂದೇ ತಲೆ ಕೆದರಿಕೊಂಡು ಬಾಚಣಿಗೆ ಹಿಡಿದು ಅವಳ ಮುಂದೆ ಕೂರುತ್ತಿದ್ದೆ, ಏನಾದರೂ ಗುನುಗುತ್ತಾಳೇನೋ ಎಂದು. ಬರೀ ಬಾಚಣಿಗೆಯ ಸದ್ದು. ಅಮ್ಮ ಇನ್ನು ಹಾಡುವುದೇ ಇಲ್ಲವೇನೋ ಎಂಬ ಹೆದರಿಕೆಯನ್ನು ನಾನು ಯಾರಿಗೂ ಹೇಳದೆ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆ.

ಜಕರಂಡ ಮರಗಳು ಕಾಂಪೌಂಡಿಗೆಲ್ಲ ನೇರಳೆ ಹೂ ಉದುರಿಸುವ ತಿಂಗಳಲ್ಲಿ ಮ್ವಾಲಿಮುವಿನ ಅಣ್ಣ ತೀರಿಕೊಂಡರು. ಅವರೇ ಆ ದಿಣ್ಣೆಯಿಂದ ಕೂಗುತ್ತಿದ್ದ ಅಣ್ಣ, ತಮ್ಮನಿಗೆ ಗಿಟಾರು ಕಲಿಸಿದವರೂ ಅವರೇ. ಮಣ್ಣು ಮುಗಿಸಿ ಬಂದ ಮ್ವಾಲಿಮು ಮುಂದಿನ ಭಾನುವಾರ ಬಂದದ್ದೇನೋ ಬಂದರು, ಆದರೆ ಗಿಟಾರಿಲ್ಲ, ಹ್ಯಾಟೂ ಇಲ್ಲ. ಲ್ಯಾನ್ಸಿ ಅಂಕಲ್ ಸಂತಾಪದ ಮಾತೆಲ್ಲ ಆಡಿ ಮುಗಿಸಿ, ಇನ್ನೇನು ಮಾಡುವುದೆಂದು ತಿಳಿಯದೆ, ತಮಗೆ ಗೊತ್ತಿದ್ದ ಒಂದೇ ಔಷಧಿ ಹಾಕಿದರು. ಗಿಟಾರು ಹೇಗಿದ್ದರೂ ಪೋರ್ಚುಗೀಸರು ಕೊಟ್ಟದ್ದು, ಹಾಗಾಗಿ ಕಂಟ್ರಿ ಮ್ಯೂಸಿಕ್ ಗೋವಾ ದಾರಿಯಿಂದ ಬಂದು ಕೊನೆಗೆ ಮಂಗಳೂರಿನದೇ ಆಯಿತು ಎಂದು ಮುಖ ಗಂಭೀರ ಮಾಡಿಕೊಂಡು ವಾದ ಹೂಡಿದರು. ಅಂಥ ಮಾತಿಗೆ ಬೇರೆ ದಿನವಾಗಿದ್ದರೆ ಮ್ವಾಲಿಮು ಮನೆಯ ಹೆಂಚು ಹಾರಿಸುತ್ತಿದ್ದರು. ಅವತ್ತು ಚಹಾದ ಲೋಟವನ್ನೇ ನೋಡುತ್ತ, "ನೀವು ಹೇಳೋದೇ ಸರಿ ಇರಬಹುದು, ಲ್ಯಾನ್ಸಿ" ಅಂದರು.

ಐರಿನ್ ಆಂಟಿ ಸಾನ್ನದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು. ಅಂಕಲ್ ಮುಖ ಮೋಸಮಾಡಿ ಗೆದ್ದ ಮಗುವಿನ ಮುಖದಂತೆ ಸಪ್ಪಗಾಯಿತು. ಆಗ ಕಿಟಕಿಯ ಕಡೆಯಿಂದ ಅಮ್ಮ ನನ್ನನ್ನು ಕರೆದಳು. ಅವಳ ಇಂಗ್ಲಿಷು ಅಷ್ಟಕ್ಕಷ್ಟೆ, ಮ್ವಾಲಿಮುವಿನ ಜೊತೆ ಮಾತಾಡಬೇಕಾದರೆ ನಾನೇ ದುಭಾಷಿ.

"ಪುಟ್ಟಿ, ಮೇಷ್ಟ್ರಿಗೆ ಹೇಳು. ಇದು ಅವ್ರ ಕಡೇದೂ ಅಲ್ಲ, ಲ್ಯಾನ್ಸಿಯವ್ರ ಕಡೇದೂ ಅಲ್ಲ. ಇದು ನಮ್ಮಪ್ಪಂದು ಅಂತ ಹೇಳು."

ಹೇಳಿದೆ. ಮ್ವಾಲಿಮು ತಲೆಯೆತ್ತಿದರು. ಎಷ್ಟೆಂದರೂ ಮೇಷ್ಟ್ರು, ಸಾಕ್ಷಿ ಎಲ್ಲಿ ಅಂದರು.

ಅಮ್ಮ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಕಪಿಲೆ ಹಾಡು ಎತ್ತಿದಳು. ಬಾವಿಯಿಂದ ನೀರೆತ್ತುವಾಗ ಹಾಡುವ ಹಾಡು ಅದು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಇಳಿಯುವಾಗ ಒಂದು ಸಾಲು. ನೀರು ಸುರಿದ ಮೇಲೆ ಅವು ಹಿಂದಹಿಂದಕ್ಕೆ ಹೆಜ್ಜೆಯಿಟ್ಟು ಮೇಲೆ ಬರಬೇಕಲ್ಲ, ಆಗ ಅವುಗಳಿಗೊಂದು ಉದ್ದನೆಯ ಕೂಗು. ಪಂಪ್‌ಸೆಟ್ಟು ಬಂದು ಎತ್ತುಗಳಿಗೆ ಆ ಕೆಲಸ ತಪ್ಪಿದ ಮೇಲೂ ತಾತ ಬಾವಿಕಟ್ಟೆಯ ಮೇಲೆ ಕೂತು ಅದನ್ನು ಹಾಡುತ್ತಿದ್ದರಂತೆ, ಅಮ್ಮ ಅವರ ತೊಡೆಯ ಮೇಲೆ ಕೂತು ಕಲಿತದ್ದು. ಮೊದಲ ಸಾಲಿನಲ್ಲಿ ಅವಳ ದನಿ ಒರಟಾಗಿತ್ತು, ಎಷ್ಟೋ ದಿನ ತೆರೆಯದ ಬಾಗಿಲಿನ ಹಾಗೆ. ಎರಡನೆಯದಕ್ಕೆ ನೆಟ್ಟಗಾಯಿತು. ಆಮೇಲೆ ಆ ಕೂಗು ಬಂತು. ಕೆಳಗಿನಿಂದ ಎದ್ದು, ಎಳೆದು, ಎಳೆದು, ತುದಿಯಲ್ಲಿ ದನಿ ಥಟ್ಟನೆ ಮುರಿದು ಮೇಲಕ್ಕೆ ಹಾರಿತು. ಅಂಕಲ್ ಮತ್ತು ಮ್ವಾಲಿಮು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಹಾಡಿನ ಬೇರೂ ಬೇಡ, ಕೊಂಬೆಯೂ ಬೇಡವಾಗಿತ್ತು. ಅಮ್ಮ ಹಾಡುತ್ತಿದ್ದಳು. ನಾನು ಆ ಹೊಳೆಯುವ ನೆಲದ ಮೇಲೆ ಕೂತು ಅಳುತ್ತಿದ್ದೆ, ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತಿದ್ದರು.

ಹಾಡು ಮುಗಿದ ಮೇಲೆ ಮ್ವಾಲಿಮು ಚಹಾದ ಲೋಟ ಕೆಳಗಿಟ್ಟರು. ಆಮೇಲೆ ನನ್ನ ಮೂಲಕ ಒಂದೊಂದೇ ಪ್ರಶ್ನೆ. ಎತ್ತು ಎಷ್ಟು? ಒಂದು ಜೋಡಿ. ಇಳಿಜಾರು ಎಷ್ಟು ಉದ್ದ? ಬಾವಿ ಎಷ್ಟು ಆಳವೋ ಹೆಚ್ಚುಕಡಿಮೆ ಅಷ್ಟು. ನೀರು ಎತ್ತುವ ಚೀಲ ಯಾತರದು? ತೊಗಲಿನದು, ಅಂದಳು ಅಮ್ಮ.

"ತೊಗಲೇ?" ಮ್ವಾಲಿಮು ಕುರ್ಚಿಯ ಅಂಚಿಗೆ ಬಂದರು. "ಹಾಗಾದರೆ ಇದು ನಮ್ಮದೇ."

ಲ್ಯಾನ್ಸಿ ಅಂಕಲ್ಲಿಗೆ ಹೋದ ಜೀವ ಬಂದಂತಾಯಿತು. "ಎಂತ ಮಾರಾಯ್ರೆ, ತೊಗಲು ಕಂಡಲ್ಲೆಲ್ಲ ನಿಮ್ಮದಾ?" ಎಂದು ಕನ್ನಡದಲ್ಲೇ ರೇಗಿ, ತಮ್ಮ ಗಿಟಾರನ್ನು ತೆಗೆದು ಅವರ ತೊಡೆಗೆ ತುರುಕಿದರು. ಮ್ವಾಲಿಮು ತಂತಿಗಳ ಮೇಲೆ ಆ ಕೂಗನ್ನು ಹುಡುಕತೊಡಗಿದರು. ಅಮ್ಮ ಇನ್ನೊಮ್ಮೆ ಹಾಡಿದಳು, ಮತ್ತೊಮ್ಮೆ ಹಾಡಿದಳು. ಸಾನ್ನ ಆರಿ ತಣ್ಣಗಾಯಿತು, ಐರಿನ್ ಆಂಟಿ ಯಾರನ್ನೂ ಊಟಕ್ಕೆ ಕರೆಯಲಿಲ್ಲ.

ಅವತ್ತು ಸಂಜೆ ಅಮ್ಮ ಅಡುಗೆಮನೆಯಲ್ಲಿ ನಿಂತು ಮನಸ್ಸು ಹಗುರಾಗುವಷ್ಟು ಅತ್ತಳು. ಮರುದಿನ ಬೆಳಿಗ್ಗೆ ನನ್ನ ತಲೆ ಬಾಚುವಾಗ ಅವಳ ಗಂಟಲಲ್ಲಿ ಏನೋ ಸಣ್ಣಗೆ ಹರಿದಾಡಿತು. ಎಲ್ಲಿ ನಿಂತುಬಿಡುತ್ತದೋ ಎಂದು ನಾನು ಕತ್ತು ಕೂಡ ಅಲ್ಲಾಡಿಸಲಿಲ್ಲ. ಅಲ್ಲಿಂದ ಮುಂದೆ ಭಾನುವಾರದ ಜಗಳಕ್ಕೆ ಮೂರನೆಯ ಪಕ್ಷ ಸೇರಿತು. ಜಗಳ ತೀರ್ಮಾನವಾಗಲೇ ಇಲ್ಲ. ಆಗಬೇಕೆಂದು ಯಾರಿಗೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ನಮಗೆ ರಕ್ತಸಂಬಂಧವಿಲ್ಲದ, ಜಾತಿ ಭಾಷೆ ಯಾವುದೂ ಒಂದಲ್ಲದ ಅಂಕಲ್, ಆಂಟಿ, ಮ್ವಾಲಿಮು, ಆ ಮೂವರು ನನ್ನ ಅಮ್ಮನನ್ನು ನನಗೆ ವಾಪಸು ಕೊಟ್ಟರು. ಅವರ ಋಣ ನನ್ನ ಮೇಲಿದೆ, ಇರಲಿ.

ಅಪ್ಪನ ಕೆಲಸದ ಅವಧಿ ಮುಗಿದು ನಾವು ಮೈಸೂರಿಗೆ ಬಂದೆವು. ಲ್ಯಾನ್ಸಿ ಅಂಕಲ್ ಮಂಗಳೂರಿಗೆ ಮರಳಿ, ಕೆಲವು ವರ್ಷ ಫೋನಿನಲ್ಲೇ ಮ್ವಾಲಿಮುವಿನ ಜೊತೆ ಜಗಳವಾಡಿ, ತೀರಿಕೊಂಡರು. ಕಿಲೆಲೆಶ್ವಾದ ಆ ಹಳೆಯ ಕಟ್ಟಡವನ್ನು ಕೆಡವಿ ಎತ್ತರದ ಅಪಾರ್ಟ್‌ಮೆಂಟು ಎಬ್ಬಿಸಿದ್ದಾರಂತೆ. ಆ ಮರದ ನೆಲದ ತುಂಡುಗಳು ಯಾರ ಒಲೆಗೆ ಹೋದವೋ. ಹೋದ ವರ್ಷ ಅಮ್ಮನೂ ಹೋದಳು. ನ್ಯಾಹುರುರುವಿಗೆ ಮರಳಿದ್ದ ಮ್ವಾಲಿಮುವಿಗೆ ನಾನೇ ಸುದ್ದಿ ಕಳಿಸಿದೆ.

ಬಂದದ್ದು ಒಂದು ವಾಯ್ಸ್ ಮೆಸೇಜು. ಮೊದಲು ಕೆಮ್ಮು, ಆಮೇಲೆ ಗಿಟಾರು, ಆಮೇಲೆ ನಡುಗುವ ಮುದಿ ದನಿಯಲ್ಲಿ ಕಪಿಲೆ ಹಾಡು. ಪದಗಳು ಅವರಿಗೆ ಎಂದೂ ಬಂದಿರಲಿಲ್ಲ, ಬರೀ ರಾಗ, ಮತ್ತು ಎತ್ತುಗಳನ್ನು ಹಿಂದಕ್ಕೆ ಕರೆಯುವ ಆ ಉದ್ದನೆಯ ಕೂಗು. ಮುಗಿಸಿ, ಉಸಿರು ತೆಗೆದುಕೊಂಡು ಇಂಗ್ಲಿಷಿನಲ್ಲಿ ಹೇಳಿದರು: "ಪುಟ್ಟಿ, ನಿಮ್ಮಮ್ಮನಿಗೆ ಹೇಳು. ನಾನು ತುಂಬಾ ಯೋಚನೆ ಮಾಡಿದೆ. ಇದು ನಮ್ಮದೇ."

ಉತ್ತರ ಟೈಪು ಮಾಡಲು ಹೊರಟು ಬೆರಳು ನಿಂತಿತು. ಆ ಮನೆಯ ನಿಯಮ ನನಗೆ ಗೊತ್ತಿಲ್ಲವೇ? ನಾನು ಆ ಹಾಡನ್ನು ಅಮ್ಮನ ಎದುರು ಒಂದು ದಿನವೂ ಹಾಡಿದವಳಲ್ಲ. ಕೇಳಿಕೊಂಡು ಕೂತವಳು, ಅಷ್ಟೆ. ಕೋಣೆಯ ಬಾಗಿಲು ಹಾಕಿಕೊಂಡು, ಫೋನನ್ನು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದೆ. ಕೂಗಿನ ತುದಿ ನನಗೆ ಸಿಗಲಿಲ್ಲ, ಎಲ್ಲೋ ಅರ್ಧದಲ್ಲಿ ಅತ್ತುಬಿಟ್ಟೆ. ಆದರೂ ಮುಗಿಸಿದೆ. ಮೂಗು ಒರೆಸಿಕೊಂಡು, ಕನ್ನಡದಲ್ಲೇ ಹೇಳಿದೆ:

"ಇಲ್ಲ ಮ್ವಾಲಿಮು. ಇದು ನಮ್ಮಮ್ಮಂದು."