ಪೇಸ್‌ಮೇಕರ್ ತೋರಿಸಲು ಕಮ್ಮಿಂಗ್‌ಗೆ

ಅಕ್ಟೋಬರ್‌ನ ಒಂದು ಶುಕ್ರವಾರ ಬೆಳಿಗ್ಗೆ ವರ್ಜೀನಿಯಾದ ಸೆಂಟರ್‌ವಿಲ್ ಬಿಟ್ಟೆವು. ಕಾರು ಓಡಿಸುತ್ತಿದ್ದವರು ನಮ್ಮವರು. ನನ್ನ ಜಡೆ ಹಾಕಿದವರೂ ಅವರೇ. ನನಗೆ ಪೇಸ್‌ಮೇಕರ್ ಕೂರಿಸಿದ ಮೇಲೆ ಇನ್ನೂ ಕೆಲವು ದಿನ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಜೀವಮಾನವಿಡೀ ಸೇತುವೆಗಳ ನಕ್ಷೆ ಬರೆದ ಮನುಷ್ಯ ಹಾಕಿದ ಜಡೆ, ನನ್ನ ಹುಬ್ಬು ಮೇಲೇರುವಷ್ಟು ಬಿಗಿಯಾಗಿತ್ತು.

ಹೊರಟಿದ್ದು ಅಟ್ಲಾಂಟಾದಾಚೆಯ ಕಮ್ಮಿಂಗ್‌ಗೆ, ನಮ್ಮಣ್ಣನ ಮನೆಗೆ. ಅಣ್ಣ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದ. ಅವನಿಗೂ ಪೇಸ್‌ಮೇಕರ್ ಬೇಕೆಂದಿದ್ದರು. ಅವನು ಸುತರಾಂ ಒಪ್ಪಿರಲಿಲ್ಲ. ಕಾರಣ ಕೇಳಿದರೆ ಫೋನಿನಲ್ಲಿ ಮಳೆ ಬಿಸಿಲಿನ ಮಾತಿಗೆ ಜಾರಿಕೊಳ್ಳುತ್ತಿದ್ದ. "ನೀನೇ ಬಂದು ಒಂದ್ಸಲ ತೋರಿಸಮ್ಮ, ನನ್ನ ಮಾತು ಕೇಳ್ತಿಲ್ಲ" ಎಂದು ಅತ್ತಿಗೆ ಅತ್ತಿದ್ದರು. ಮತ್ತೊಮ್ಮೆ ಮೆಟ್ಟಿಲ ಮೇಲೆ ಬಿದ್ದರೆ ಏನು ಗತಿ ಎಂಬ ಭಯ ನನಗೂ ಇತ್ತು.

ಈ ದೇಶದಲ್ಲಿ ಡ್ರೈವರ್ ಪಕ್ಕ ಕೂತವರಿಗೆ ಸೀಟ್ ಬೆಲ್ಟು ಬಲಭುಜದ ಮೇಲೆ ಬರುತ್ತದೆ. ನನ್ನ ಯಂತ್ರ ಇರುವುದು ಎಡಕ್ಕೆ, ಹಾಗಾಗಿ ಬಚಾವಾದೆ. ಯಾವ ಕೈಯಲ್ಲಿ ಬರೆಯುತ್ತೀರಿ ಎಂದು ಕೇಳಿ, ಅದರ ಇನ್ನೊಂದು ಕಡೆಗೆ ಕೂರಿಸಿದ್ದರು. ಸೆರಗು ಯಾವ ಕಡೆ ಎಂದು ಮಾತ್ರ ಯಾರೂ ಕೇಳಲಿಲ್ಲ! ಪಿನ್ನು ಹಾಕಿದರೆ ಗಾಯದ ಹತ್ತಿರವೇ ಎಳೆಯುತ್ತಿತ್ತು. ಪಿನ್ನಿಲ್ಲದ ಸೆರಗನ್ನು ಹಿಡಿದುಕೊಂಡೇ ನಾನು ವರ್ಜೀನಿಯಾ ದಾಟಿದೆ.

ಸುಮಾರು ನಾನೂರು ಮೈಲಿಯಾದ ಮೇಲೆ ಷಾರ್ಲೆಟ್‌ನ ಮೋಟೆಲೊಂದರಲ್ಲಿ ಉಳಿದು, ಕಟ್ಟಿಕೊಂಡು ಬಂದಿದ್ದ ಮೊಸರನ್ನ ತಿಂದೆವು. ಮರುದಿನ ಸೌತ್ ಕ್ಯಾರೊಲೈನಾದಲ್ಲಿ ಪೀಚ್ ಹಣ್ಣಿನ ಆಕಾರದ ಭಾರೀ ನೀರಿನ ಟ್ಯಾಂಕ್ ಕಾಣಿಸಿತು. ನಮ್ಮವರು ಅದನ್ನು ಯಾವುದಕ್ಕೆ ಹೋಲಿಸಿದರೆಂದು ಇಲ್ಲಿ ಬರೆಯಲಾರೆ. ಮುಂದೆ ರಸ್ತೆ ಬದಿಯಲ್ಲಿ ಬೇಯಿಸಿದ ಕಡಲೆಕಾಯಿ! ಥೇಟ್ ನಮ್ಮ ಊರಿನದೇ ರುಚಿ, ಉಪ್ಪು ಮಾತ್ರ ಜಾಸ್ತಿ. ಮಾರುತ್ತಿದ್ದ ಅಜ್ಜಿ, ನಾನು ಸೆರಗು ಹಿಡಿದಿದ್ದನ್ನು ಕಂಡು ಅಲ್ಲಿ ನೋವೇ ಎಂದು ವಿಚಾರಿಸಿದಳು. ವಿಷಯ ತಿಳಿದದ್ದೇ ತನ್ನ ಕಾಲರು ಸರಿಸಿ ಗಾಯದ ಗುರುತು ತೋರಿಸಿದಳು.

"ನನ್ನದು ಎರಡನೆಯದು. ಮೊದಲನೆಯದರ ಬ್ಯಾಟರಿ ಮುಗಿಯಿತು, ನಾನು ಮುಗಿಯಲಿಲ್ಲ" ಎಂದಳು. ಇದನ್ನು ಅಣ್ಣನಿಗೆ ಹೇಳಲೇಬೇಕೆಂದುಕೊಂಡೆ.

ಕಮ್ಮಿಂಗ್‌ನಲ್ಲಿ ಕೆಂಪು ಮಣ್ಣು ಅಗೆದು ಸಾಲುಸಾಲಾಗಿ ಮನೆ ಕಟ್ಟುತ್ತಿದ್ದರು. ಹಾಲು ಬೇಕಾದರೂ ಕಾರು ತೆಗೆಯಬೇಕಾದ ಜಾಗ. ಅಣ್ಣನಿಗೆ ಡ್ರೈವಿಂಗ್ ಬಿಡಿಸಿದ್ದರು. ಬಾಗಿಲಲ್ಲಿ ಕಾಲಿಗೆ ನಮಸ್ಕಾರ ಮಾಡಿದೆ. ಯಾವಾಗಲೂ ಭುಜ ಹಿಡಿದು ಎಬ್ಬಿಸುವವನು ಕೈ ಹಿಂದಕ್ಕೆ ತೆಗೆದುಕೊಂಡ.

"ಎಲ್ಲಿದೆ ಅದು? ಅದಕ್ಕೆ ತೊಂದ್ರೆ ಆಗ್ಬಾರ್ದು ಅಂತ ಮೈಕ್ರೋವೇವ್ ಪ್ಲಗ್ ತೆಗೆಸಿದೀನಿ, ಹೆದರ್ಬೇಡ."

"ನಾನು ದಿನಾ ಅದ್ರಲ್ಲೇ ಅನ್ನ ಬಿಸಿ ಮಾಡ್ಕೋತೀನಿ ಕಣೋ!"

ಅವನ ಬೆರಳು ಹಿಡಿದು ಕಾಲರ್ ಮೂಳೆಯ ಕೆಳಗೆ ಇಟ್ಟೆ. ಚರ್ಮದಡಿ ಚಪ್ಪಟೆ ಬೆಂಕಿಪೊಟ್ಟಣದಂಥದ್ದು ಸಿಕ್ಕಿತು. ಕಡಲೆಕಾಯಿ ಅಜ್ಜಿಯ ಮಾತು ಹೇಳಿದೆ. ನಕ್ಕ, ಆದರೆ ಒಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ ಹಿತ್ತಿಲ ಮರದ ಡೆಕ್ ಮೇಲೆ ಕಾಫಿ ಕುಡಿಯುವಾಗ ಅವನೇ ಬಾಯಿಬಿಟ್ಟ.

"ಅಪ್ಪನ್ನ ನೋಡಿದ್ಯಲ್ಲ ಪುಟ್ಟಿ, ಮಾತಿಲ್ದೆ ಎಷ್ಟು ಕಾಲ ಮಲಗಿದ್ರು. ನಾನು ಹೋಗೋ ಟೈಮ್ ಬಂದಾಗ್ಲೂ ಈ ಮಿಷನ್ ಬಿಡ್ದೆ ಹೊಡ್ಕೋತಾ ಇದ್ರೆ?"

ಇದೇ ಪ್ರಶ್ನೆ ನನ್ನನ್ನೂ ಕಾಡಿತ್ತು. ಡಾಕ್ಟರನ್ನು ಕೇಳಿಯೇ ಬಿಟ್ಟಿದ್ದೆ.

"ಅದು ಕರೆಯತ್ತೆ ಅಷ್ಟೇ ಅಣ್ಣ. ಅಮ್ಮ ಬೆಳಿಗ್ಗೆ ಏಳೋ ಏಳೋ ಅಂತ ನಿನ್ನ ಕೂಗ್ತಿದ್ಲಲ್ಲ, ಹಾಗೆ. ಹಾರ್ಟ್‌ಗೆ ಏಳೋ ಶಕ್ತಿ ಇಲ್ದಿದ್ರೆ ಎಷ್ಟು ಕೂಗಿದ್ರೂ ಏಳಲ್ಲ."

"ಮತ್ತೆ ಸುಡೋವಾಗ?"

"ಬ್ಯಾಟರಿ ಸಿಡಿಯತ್ತಂತೆ. ಅದಕ್ಕೆ ಮುಂಚೇನೇ ತೆಗೆದ್ಬಿಡ್ತಾರೆ."

"ಅದನ್ನೂ ಕೇಳ್ಕೊಂಡು ಬಂದಿದೀಯಾ!" ಎಂದವನು ಲೋಟ ಎತ್ತಿಕೊಂಡು ಒಳಗೆ ಹೋದ. ಆಮೇಲೆ ಆ ಸುದ್ದಿಯೇ ಎತ್ತಲಿಲ್ಲ.

ಸೋಮವಾರ ಹೊರಟಾಗ ನನ್ನ ಮನಸ್ಸು ಮುದುಡಿತ್ತು. ಅಷ್ಟು ದೂರ ಬಂದದ್ದು ದಂಡವಾಯಿತೆನಿಸಿತು. ಅತ್ತಿಗೆ ಉಪ್ಪಿನಕಾಯಿ ಬಾಟಲಿ ಕೊಟ್ಟು ಕಣ್ಣೊರೆಸಿಕೊಂಡರು. ನಮ್ಮವರು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ಅಣ್ಣ ಗಾಜು ತಟ್ಟಿದ.

"ಪುಟ್ಟಿ, ಎಡಕ್ಕೆ ಜನಿವಾರ ಬರತ್ತೆ. ಡ್ರೈವ್ ಮಾಡೋವಾಗ ಬೆಲ್ಟೂ ಅಲ್ಲಿಗೇ ಬರತ್ತೆ. ಬಲಗಡೆ ಹಾಕಿ ಅಂದ್ರೆ ಹಾಕ್ತಾರಾ?"

"ಹಾಕ್ತಾರೆ ಅಣ್ಣ, ಕೇಳು" ಎನ್ನುವಷ್ಟರಲ್ಲಿ ಅಳು ಬಂತು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅಂಗಿಯ ಗುಂಡಿ ಬಿಚ್ಚಿಕೊಂಡು, ಬಲಭುಜದ ಕೆಳಗೆ ಹೆಬ್ಬೆರಳಿಟ್ಟು, ಜಾಗ ಸಾಕಾಗುತ್ತದೆಯೇ ಎಂದು ಅವನು ಅತ್ತಿಗೆಗೆ ತೋರಿಸುತ್ತಿದ್ದ.