ನಾಲ್ಕನೆಯ ‘ಹತ್ತು ನಿಮಿಷ’

ಕಳೆದ ವರ್ಷದ ಬೇಸಿಗೆಗೆ, ಜೆ.ಪಿ. ನಗರದಲ್ಲಿ ನನ್ನ ಅಂಗಡಿಗೆ ಹದಿನಾಲ್ಕು ವರ್ಷ ತುಂಬಿತ್ತು. ಆಕ್ಸಿಜನ್ ಯಂತ್ರ, ಸಿಲಿಂಡರ್, ಆಸ್ಪತ್ರೆ ಮಂಚಗಳನ್ನು ಮನೆಗಳಿಗೆ ಬಾಡಿಗೆಗೆ ಕೊಡುವುದು ನನ್ನ ಕಸುಬು. ಓದಿದ್ದು ಏಳನೇ ಕ್ಲಾಸು. ಆರ್ಡರ್ ತೆಗೆದುಕೊಳ್ಳುವವನೂ ನಾನೇ, ಗಾಡಿ ಓಡಿಸುವವನೂ ನಾನೇ, ಮಹಡಿಗೆ ಹೊರುವವನೂ ನಾನೇ. ಹೀಗಾಗಿ ವಾಟ್ಸಾಪ್ ಮೆಸೇಜುಗಳಿಗೆ ಹೊತ್ತಿಗೆ ಸರಿಯಾಗಿ ಉತ್ತರ ಹೋಗುತ್ತಿರಲಿಲ್ಲ.

ಇದನ್ನು ನೋಡಿ ನನ್ನ ತಂಗಿ ಶೋಭಾ ಮೆಸೇಜುಗಳಿಗೆ ತಾನೇ ಉತ್ತರ ಬರೆಯುವ ಒಂದು ಎಐ ಸಹಾಯಕವನ್ನು ಹಾಕಿಕೊಡಲು ಹೊರಟಳು. ಅವಳು ಡಿಪ್ಲೊಮಾ ಮಾಡಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಬಾಡಿಗೆಗೆ ಒಂದು ಸರ್ವರ್ ಹಿಡಿದಳು. ಸರ್ವರ್ ಎಂದರೆ ಸದಾ ಓಡುತ್ತಲೇ ಇರುವ ಕಂಪ್ಯೂಟರ್. ನಮ್ಮದು ಮುಂಬಯಿಯಲ್ಲಿ ಎಲ್ಲೋ ಇದೆ. ರೆಡಿಮೇಡ್ ಸಿಗುವಾಗ ಇಷ್ಟು ಕಷ್ಟ ಏಕೆ ಎಂದು ಕೇಳಿದೆ.

“ಪೇಷಂಟುಗಳ ಹೆಸರು, ಕಾಯಿಲೆ ಎಲ್ಲಾ ಇರತ್ತೆ ಅಣ್ಣ. ಕಂಡೋರ ಕೈಗೆ ಯಾಕೆ ಹೋಗ್ಬೇಕು? ನಮ್ಮ ಸರ್ವರಲ್ಲೇ ಇರ್ಲಿ.”

ಮೂರು ಭಾನುವಾರ ಅಂಗಡಿಯಲ್ಲೇ ಕುಳಿತು ಅದನ್ನು ಸಿದ್ಧಮಾಡಿದಳು. ಕೊನೆಗೆ, ಗಿರಾಕಿಗಳ ಹತ್ತಿರ ನೀನು ಹೇಗೆ ಮಾತಾಡುತ್ತೀಯೋ ಹಾಗೇ ಹೇಳು, ಬರೆದುಕೊಳ್ಳುತ್ತೇನೆ ಎಂದಳು.

“ಯಾವಾಗ ಬರ್ತೀರಾ ಅಂತ ಕೇಳಿದ್ರೆ, ‘ಹೊರಟಿದೀವಿ, ಹತ್ತು ನಿಮಿಷ’ ಅನ್ಬೇಕು.”

“ಹೊರಟಿಲ್ದೇ ಇದ್ರೂ?”

“ಹೊರಟಿಲ್ದೇ ಇದ್ದಾಗ್ಲೇ ಕಣೇ ಅದನ್ನ ಹೇಳೋದು!”

ನಕ್ಕಳು. ಆದರೆ ಅವಳಿಗೆ ಸಮಾಧಾನವಾಗಲಿಲ್ಲ. ಸಹಾಯಕ ಬರೆದ ಪ್ರತಿ ಉತ್ತರವೂ ಮೊದಲು ನನ್ನ ಫೋನಿಗೆ ಬರಬೇಕು, ನಾನು ‘ಸರಿ’ ಎಂದ ಮೇಲೇ ಗಿರಾಕಿಗೆ ಹೋಗಬೇಕು ಎಂದು ಒಂದು ತಡೆ ಇಟ್ಟಳು. “ಇದೊಂದನ್ನ ಮಾತ್ರ ತೆಗೀಬೇಡ ಅಣ್ಣ,” ಎಂದಳು.

ಎರಡು ವಾರ ‘ಸರಿ’ ಒತ್ತಿದೆ. ಒಂದು ದಿನ ತಲಘಟ್ಟಪುರದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಅದು ಏಳನೇ ಸಲ ಕೇಳಿತು. ರೇಗಿಹೋಯಿತು. “ಇನ್ಮೇಲೆ ನನ್ನ ಕೇಳ್ಬೇಡ ಗುರು, ನೀನೇ ಕಳಿಸು,” ಎಂದು ಅದಕ್ಕೇ ಹೇಳಿದೆ. ಮಾಲೀಕನ ನಂಬರಿನಿಂದ ಬಂದ ಮಾತು. ಅದು ‘ಆಗಲಿ’ ಎಂದಿತು. ಶೋಭಾಗೆ ನಾನು ಹೇಳಲಿಲ್ಲ.

ಅದಾಗಿ ನಾಲ್ಕನೇ ದಿನ ಬೇಗೂರಿನಲ್ಲಿ ಒಂದು ಮನೆಯ ಮೂರನೇ ಮಹಡಿಗೆ ಮಂಚ ಏರಿಸಿ ಜೋಡಿಸುತ್ತಿದ್ದೆ. ಫೋನ್ ಗಾಡಿಯಲ್ಲಿತ್ತು. ಕೆಳಗೆ ಬಂದಾಗ ಹನ್ನೆರಡು ಗಂಟೆ ಐದು ನಿಮಿಷ. ಬನಶಂಕರಿಯ ವನಜಾ ಮೇಡಂ ಆರು ಸಲ ಕರೆ ಮಾಡಿದ್ದರು. ಅವರ ತಾಯಿಗೆ ಶ್ವಾಸಕೋಶದ ತೊಂದರೆ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ನಮ್ಮ ಯಂತ್ರ ಅವರ ಮನೆಯಲ್ಲಿತ್ತು. ಅದು ಓಡುವುದು ಕರೆಂಟಿನಲ್ಲಿ.

ಮೆಸೇಜುಗಳನ್ನು ತೆರೆದೆ. ‘ಕರೆಂಟ್ ಹೋಗಿದೆ, ಯುಪಿಎಸ್ ಮುಗೀತಾ ಇದೆ, ಅರ್ಜೆಂಟ್ ಸಿಲಿಂಡರ್ ಬೇಕು’ ಎಂದು ಅವರು ಹನ್ನೊಂದೂ ಇಪ್ಪತ್ತಕ್ಕೆ ಕಳಿಸಿದ್ದರು. ‘ಹೊರಟಿದೀವಿ, ಹತ್ತು ನಿಮಿಷ’ ಎಂಬ ಉತ್ತರ ಹೋಗಿತ್ತು. ಹನ್ನೊಂದೂ ಮೂವತ್ತೈದಕ್ಕೆ ಅವರು ಮತ್ತೆ ಕೇಳಿದಾಗಲೂ ಅದೇ ಉತ್ತರ. ಹನ್ನೊಂದೂ ಐವತ್ತಕ್ಕೆ ಮತ್ತೆ ಅದೇ.

ಕರೆ ಮಾಡಿದೆ.

“ಎಲ್ಲಿದೀರಾ ರೀ? ಅಮ್ಮನ ತುಟಿ ನೀಲಿ ಆಗ್ತಿದೆ! ಆಂಬುಲೆನ್ಸ್ ಕರೀಲಾ?”

ಸಿಲಿಂಡರ್ ಇದ್ದದ್ದು ಅಂಗಡಿಯಲ್ಲಿ. ಬೇಗೂರಿನಿಂದ ಅಂಗಡಿಗೆ, ಅಲ್ಲಿಂದ ಬನಶಂಕರಿಗೆ ಹೇಗೆ ಓಡಿಸಿದರೂ ಮುಕ್ಕಾಲು ಗಂಟೆ ಬೇಕು ಎಂದು ನನಗೆ ಗೊತ್ತಿತ್ತು. ನನ್ನ ಬಾಯಿಂದ ಬಂದದ್ದು ಇದು: “ಹತ್ತೇ ನಿಮಿಷ ಮೇಡಂ, ಬಂದೆ.”

ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತಲೇ ಇದ್ದೆ. ಮುಟ್ಟಿದಾಗ ಹನ್ನೆರಡೂ ಐವತ್ತೆರಡು. ತಾಯಿಯ ಬೆರಳಿಗೆ ಸಿಕ್ಕಿಸಿದ ಆಕ್ಸಿಜನ್ ಮೀಟರ್ ಎಪ್ಪತ್ತೊಂದು ತೋರಿಸುತ್ತಿತ್ತು. ಆ ತಾಯಿಗೆ ಅದು ತೊಂಬತ್ತರ ಆಸುಪಾಸಿನಲ್ಲಿರಬೇಕಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಸಿಲಿಂಡರ್ ಜೋಡಿಸಿ ಮಾಸ್ಕ್ ಹಾಕಿದೆ. ಎಪ್ಪತ್ತೈದಾಯಿತು, ಎಂಬತ್ತಾಯಿತು, ಅಲ್ಲೇ ನಿಂತಿತು. ಅಷ್ಟರಲ್ಲಿ ಪಕ್ಕದ ಮನೆಯವರು ಕರೆಸಿದ ಆಂಬುಲೆನ್ಸ್ ಬಂತು. ಸ್ಟ್ರೆಚರ್ ಹಿಂದೆ ಓಡುತ್ತಲೇ ವನಜಾ ಮೇಡಂ ನನ್ನ ಕಡೆ ತಿರುಗಿ ಕೂಗಿದರು: “ಏನ್ ಮನುಷ್ಯರ್ರೀ ನೀವು!”

ಆಗ ನಾನು ಹೇಳಿದ ಮಾತು ಇದು: “ಅದು ಕಂಪ್ಯೂಟರ್ ಕಳಿಸಿದ್ದು ಮೇಡಂ. ನನ್ನ ತಂಗಿ ಹಾಕಿರೋದು.”

ತಪ್ಪು ಕಂಪ್ಯೂಟರಿನದೇ ಎಂದು ಶೋಭಾಗೂ ಹೇಳಿದೆ. ಅವಳು ಅಂದೇ ಸರ್ವರ್ ನಿಲ್ಲಿಸಿದಳು. ಮರುದಿನ ಕೆಲಸಕ್ಕೆ ರಜೆ ಹಾಕಿ ಆಸ್ಪತ್ರೆಗೆ ಹೋಗಿ ಕೈಮುಗಿದು ಕ್ಷಮೆ ಕೇಳಿದಳು. ನಾನು ಹೋಗಲಿಲ್ಲ. ಅಂಗಡಿಯಲ್ಲಿ ಸಿಲಿಂಡರುಗಳ ಧೂಳು ಒರೆಸುತ್ತಿದ್ದೆ.

ಸಂಜೆ ಬಂದವಳು ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ತಿರುಗಿಸಿದಳು. ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ‘ಇನ್ಮೇಲೆ ನನ್ನ ಕೇಳ್ಬೇಡ’ ಎಂಬ ನನ್ನ ಮಾತು ಅದರಲ್ಲಿತ್ತು.

“ಇದನ್ನ ನಿನ್ನೇನೇ ನೋಡ್ದೆ,” ಎಂದಳು.

“ನೋಡಿಯೂ ಹೋಗಿ ಕೈಮುಗಿದ್ಯಾ?”

“ನಿನ್ನ ಮಾತಿಗೆ ಅದು ತಡೆ ತೆಗೆಯೋ ಹಂಗೆ ಬಿಟ್ಟಿದ್ದು ನಾನೇ ಅಲ್ವಾ. ಅದಿರ್ಲಿ. ಇದ್ರಲ್ಲಿ ‘ಹತ್ತು ನಿಮಿಷ’ ಮೂರು ಸಲ ಇದೆ. ಅವ್ರು ನಾಲ್ಕು ಅಂತಾರೆ. ನಾಲ್ಕನೇದು ಯಾರ್ದು ಅಣ್ಣ?”

ನಾನು ಒರೆಸುವ ಬಟ್ಟೆ ಕೆಳಗಿಟ್ಟೆ. “ನಂದು.”

ಅವಳು ಬಯ್ಯಲಿಲ್ಲ. “ಅವ್ರಿಗೆ ನೀನೇ ಹೇಳ್ಬೇಕು,” ಎಂದಳು.

ಮರುದಿನ ಹೋದೆ. ತಾಯಿಗೆ ಅಪಾಯ ಕಳೆದಿತ್ತು. ವಾರ್ಡಿನ ಹೊರಗೆ ನಿಂತು ವನಜಾ ಮೇಡಂಗೆ ಎಲ್ಲವನ್ನೂ ಹೇಳಿದೆ, ತಂಗಿಯ ಮೇಲೆ ಹೊರಿಸಿದ್ದನ್ನೂ.

“ಮುಕ್ಕಾಲು ಗಂಟೆ ಅಂದಿದ್ರೆ ಆ ನಿಮಿಷಾನೇ ಆಂಬುಲೆನ್ಸ್ ಕರೀತಿದ್ದೆ. ನಿಮ್ಮನ್ನ ನಂಬ್ಕೊಂಡು ಕೂತಿದ್ದೆ. ನಾಳೆ ಬಂದು ನಿಮ್ಮ ಮೆಷಿನ್ ತಗೊಂಡ್ಹೋಗಿ,” ಎಂದು ಒಳಗೆ ಹೋದರು.

ಸರ್ವರ್ ಮತ್ತೆ ಓಡುತ್ತಿದೆ. ಈಗ ಅದರ ತಡೆಯನ್ನು ನನ್ನ ಮಾತಿನಿಂದ ತೆಗೆಯಲಾಗುವುದಿಲ್ಲ. ಹಾಗೆ ಮಾಡು ಎಂದು ನಾನೇ ಶೋಭಾಗೆ ಹೇಳಿದೆ. ‘ಸರಿ’ ಒತ್ತುವ ಮೊದಲು, ಎಷ್ಟು ಹೊತ್ತಾಗುತ್ತದೋ ಅಷ್ಟನ್ನೇ ಬರೆಯುತ್ತೇನೆ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ, ಅವರಿಗೆ ಉಸಿರು ಬೇಗ ಸಿಗುತ್ತದೆ. ತಡವಾಗುವುದಾದರೆ, ತಡವಾಗುತ್ತದೆ ಎಂಬ ಸುದ್ದಿ ಸಿಲಿಂಡರಿಗಿಂತ ಮೊದಲು ಮನೆ ಮುಟ್ಟಬೇಕು. ಹದಿನಾಲ್ಕು ವರ್ಷ ಈ ಕಸುಬು ಮಾಡಿದ ಮೇಲೆ ನಾನು ಕಲಿತದ್ದು ಇದು.