ಕೆಂಪಿಗೆ ಮೀನು ತಂದ ಅತ್ತೆ

ಅತ್ತೆಯ ಕೈತುಂಬ ಹಸಿರು ಬಳೆ, ಆ ಬಳೆಗಳ ನಡುವೆ ಬೆಕ್ಕು ಪರಚಿದ ಗೆರೆಗಳು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿದ ಬೆರಳನ್ನು ಆ ಗೆರೆಗಳಿಗೂ ಒಮ್ಮೆ ಒರೆಸಿಬಿಡುತ್ತಿದ್ದರು. ಸೊಸೆಯಾದ ನಾನು ಮುಲಾಮು ಹಚ್ಚಿಕೊಳ್ಳಿರಿ ಅಂದರೆ, "ಬೆಕ್ಕಿನ ಸಿಟ್ಟು ಎಷ್ಟೊತ್ತಿಂದವ್ವ" ಅನ್ನುತ್ತಿದ್ದರು.

ಮಸ್ಕಿಯ ನಮ್ಮ ಮನೆಯ ಮುಂಭಾಗದಲ್ಲಿ ಮಾವನ ಕಿರಾಣಿ ಅಂಗಡಿ. ಚೀಲಗಳಿಗೆ ಇಲಿ ಬೀಳಬಾರದೆಂದು ಎರಡು ಬೆಕ್ಕುಗಳಿದ್ದವು, ಬೂದಿ ಮತ್ತು ಕರ್ಯಾ. ಎರಡಕ್ಕೂ ವಯಸ್ಸಾಗಿತ್ತು. ಹಾಲು, ರೊಟ್ಟಿ ಬಿಟ್ಟು ಬೇರೇನೂ ಹಾಕಿದವರಲ್ಲ ಅತ್ತೆ. "ನಮ್ಮನಿ ಬೆಕ್ಕೂ ಶರಣರದಾವ" ಎಂದು ಬಂದವರಿಗೆಲ್ಲ ಹೇಳುವರು. "ಹಂಗಾದ್ರ ಇಲಿ ಅಂದ್ರ ಬದನಿಕಾಯೇನು?" ಎಂದು ಮಾವ ಅಂಗಡಿಯಿಂದಲೇ ಕೇಳಿದರೆ ಕಿವಿಗೆ ಬೀಳದವರಂತೆ ಇದ್ದುಬಿಡುವರು.

ಹಿಂದಿನ ಖೋಲಿಯಲ್ಲಿ ಗಂಡ ಹೆಂಡತಿ ಬಾಡಿಗೆಗಿದ್ದರು. ಗಂಡ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಹೆಂಡತಿ ಹೊಳೆದಂಡೆಯ ಊರಿನವಳು, ಬಾಯಿತುಂಬ ನಗುವವಳು. ತವರಿನಿಂದ ಒಂದು ಕೆಂಚು ಬೆಕ್ಕು ತಂದು, ಕೆಂಪಿ ಎಂದು ಕರೆದು ಸಾಕಿಕೊಂಡಿದ್ದಳು. ಒಂದು ಮಧ್ಯಾಹ್ನ ಅವಳ ಖೋಲಿಯಿಂದ ಒಣಮೀನು ಹುರಿಯುವ ವಾಸನೆ ಬಂತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋಗಿ ಬಾಗಿಲಲ್ಲಿ ನಿಂತರು. ದನಿ ಏರಿಸಲಿಲ್ಲ. "ಇದು ಪೂಜಿ ಮಾಡೋ ಮನಿಯವ್ವ. ಬ್ಯಾರೆ ಖೋಲಿ ನೋಡ್ಕೋರಿ" ಎಂದರು. ಆಕೆ ಬಾಣಲೆ ಇಳಿಸಿ ಒಲೆ ಆರಿಸಿದಳು. ಅತ್ತೆಯ ಹಿಂದೆ ನಿಂತಿದ್ದ ನಾನೂ ಮೂಗು ಮುಚ್ಚಿಕೊಂಡಿದ್ದೆ.

ಸ್ವಲ್ಪ ದಿನಕ್ಕೇ ಅವರು ಜವಳಗೇರಾಕ್ಕೆ ಹೊರಟರು. ಸಾಮಾನು ಏರಿಸುವ ಗದ್ದಲಕ್ಕೆ ಕೆಂಪಿ ಎಲ್ಲೋ ಅಡಗಿತು. ಆಕೆ ಕರೆದು ಕರೆದು ದನಿ ಬಿದ್ದು, ಕಣ್ಣೊರೆಸಿಕೊಳ್ಳುತ್ತ ಟ್ರ್ಯಾಲಿ ಹತ್ತಿದಳು. ಮರುದಿನ ಖೋಲಿಯ ಅಟ್ಟದ ಮೇಲೆ ಅಳುವ ಸದ್ದು. ಅತ್ತೆ ಏಣಿ ಹಾಕಿ ಇಳಿಸಿ ತಂದರು.

ಹಳೆಯ ಬೆಕ್ಕುಗಳು ಅದನ್ನು ಕಂಡದ್ದೇ ಮೈಮೇಲೆ ಬಿದ್ದವು. ಬಿಡಿಸಲು ಹೋದ ಅತ್ತೆಯ ಕೈಯಲ್ಲಿ ರಕ್ತ. ಕೆಂಪಿಯನ್ನು ಮತ್ತೆ ಖೋಲಿಯಲ್ಲಿಟ್ಟು ಬಾಗಿಲು ಹಾಕಿದರು. ಬೂದಿ, ಕರ್ಯಾ ಮಲಗುವ ಗೋಣಿಚೀಲವನ್ನು ಅದಕ್ಕೆ ಹಾಸಿದರು; ಅದು ಮಲಗಿದ ಅರಿವೆಯನ್ನು ಇವುಗಳ ಹತ್ತಿರ ಇಟ್ಟರು. ಬಾಗಿಲಿನ ಈಚೆ ಇವಕ್ಕೆ ಹಾಲು, ಆಚೆ ಅದಕ್ಕೆ. "ಒಬ್ಬರ ವಾಸನಿ ಒಬ್ಬರಿಗೆ ರೂಢಿ ಆದ್ರ ಸಿಟ್ಟು ತಾನಾ ಇಳಿತೈತಿ" ಅಂದರು. ಅಂದವರು ಯಾಕೋ ತಮ್ಮ ಸೆರಗಿನ ತುದಿಯನ್ನು ನೋಡಿಕೊಂಡರು.

ಕೆಂಪಿ ಹಾಲು ಮುಟ್ಟಲಿಲ್ಲ. ರೊಟ್ಟಿ ಮೂಸಿ ಮುಖ ತಿರುವಿತು. ಪಕ್ಕೆಲುಬು ಕಾಣತೊಡಗಿದಾಗ, ಸಂತೆಯ ದಿನ ಅತ್ತೆ ಕರೆದರು: "ನನ್ನ ಜೋಡಿ ಬಾ ಯವ್ವಾ. ಎಲ್ಲಿಗಂತ ಕೇಳಬ್ಯಾಡ."

ಕಾಯಿಪಲ್ಲೆ ದಾಟಿ, ಒಣಮೀನಿನ ರಾಶಿಗಳ ಮುಂದೆ ನಿಂತರು. "ಯಾವ್ದು ಕೊಡ್ಲಿ ಅಮ್ಮಾರ?" ಮಾರುವವಳು ಕೇಳಿದಳು. ಅತ್ತೆಗೆ ಒಂದರ ಹೆಸರೂ ಗೊತ್ತಿಲ್ಲ, ಬೆರಳು ತೋರಿಸಿದರು. ಅಷ್ಟರಲ್ಲಿ ನಮ್ಮ ಓಣಿಯ ಒಬ್ಬ ಹಿರಿಯಾಕೆ, "ಅಯ್ಯ, ನೀವ್ಯಾಕ ಇಲ್ಲಿ?" ಎಂದು ನಿಂತರು. "ದಾರಿ ತಪ್ಪಿ ಬಂದೀವ್ರಿ" ಎಂದೆ ನಾನು. ಅತ್ತೆ ನನ್ನ ಕೈ ಹಿಡಿದರು.

"ಇಲ್ರಿ. ಮೀನ ತಗೊಳಾಕ ಬಂದೀನಿ. ಬೆಕ್ಕಿಗಿ."

ಮುಖ ಕೆಂಪಾಗಿತ್ತು. ಮನೆಯ ಬಾಗಿಲ ಹತ್ತಿರ ಬಂದಾಗ, "ಆಕಿ ನೋಡಿದ್ದಕ್ಕ ಅಲ್ಲವ್ವ ನನಗ ನಾಚಿಕಿ. ಆ ಹುಡುಗಿ ಬಾಣಲಿ ಇಳಿಸಿದ್ದು ಕಣ್ಣಾಗ ಬರಾಕತ್ತೈತಿ" ಅಂದರು.

ಹಿತ್ತಲಲ್ಲಿ ಮೂರು ಕಲ್ಲಿಟ್ಟು ತಾವೇ ಹುರಿದರು, ಈ ಸಲ ಮೂಗು ಮುಚ್ಚದೆ. ಕೆಂಪಿ ಗುರುಗುಟ್ಟುತ್ತ ತಿಂದಿತು. ವಾಸನೆಗೆ ಬೂದಿ, ಕರ್ಯಾ ಬಾಗಿಲು ಕೆರೆಯತೊಡಗಿದವು. ಅತ್ತೆ ದಿನಕ್ಕಿಷ್ಟು ಬಾಗಿಲು ಸರಿಸುತ್ತ, ಇಬ್ಬದಿಗೂ ಮೀನು ಹಾಕುತ್ತ ಹೋದರು. ಕೊನೆಗೆ ಮೂರೂ ಒಂದೇ ತಾಟಿಗೆ ಬಂದವು. ಮಾವ ನೋಡಿದರು, ನಗಲಿಲ್ಲ.

ಕೆಂಪಿ ಸಿಕ್ಕಿದೆ ಎಂಬ ಸುದ್ದಿ ಕೇಳಿ ಆಕೆ ಜವಳಗೇರಾದಿಂದ ಬಸ್ಸಿನಲ್ಲಿ ಬಂದಳು. ಹಿತ್ತಲಿಗೆ ಬಂದಾಗ ಅತ್ತೆ ಮೀನು ಹುರಿಯುತ್ತಿದ್ದರು. ಒಬ್ಬರನ್ನೊಬ್ಬರು ನೋಡಿದರು. ಅತ್ತೆ ಎದ್ದು ನಿಂತು, "ತಪ್ಪಾತವ್ವ. ನಿನ್ನ ಒಲಿ ಆರಿಸಿದಾಕಿ ನಾನು. ಖೋಲಿ ಖಾಲಿ ಐತಿ, ತಿರುಗಿ ಬರ್ರಿ" ಅಂದರು.

ಆಕೆ ನಗಲಿಲ್ಲ. "ಬ್ಯಾಡ್ರಿ ಅಮ್ಮಾರ. ಈಗಿರೋ ಮನ್ಯಾಗ ಬಾಗಿಲಾ ತಗದಿಟ್ಟು ಅಡಗಿ ಮಾಡ್ತೀನಿ" ಅಂದಳು. ಬೂದಿಯ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದ ಕೆಂಪಿಯನ್ನು ಬಹಳ ಹೊತ್ತು ಸವರಿದಳು. "ಇದು ಕೂಡ್ಕೊಂಡೈತಿ. ಇಲ್ಲೇ ಇರ್ಲಿ."

ಅತ್ತೆ ಅವತ್ತು ಉಣ್ಣಲಿಲ್ಲ. ಆಮೇಲೆ ಬಾಡಿಗೆಗೆ ಬಂದವರ ಅಡುಗೆಯ ಬಗ್ಗೆ ಅವರು ಕೇಳಿದ್ದನ್ನು ನಾನು ಕಾಣೆ. ಆದರೂ ಆ ನಾಚಿಕೆ ಅವರನ್ನು ಬಿಡಲಿಲ್ಲ. ಹಾಸಿಗೆ ಹಿಡಿದ ಮೇಲೂ, "ತಪ್ಪಾತಂದ್ರ ಆಕಿ ಒಲಿ ಹತ್ತತೈತೇನವ್ವ?" ಎಂದು ನನ್ನನ್ನು ಕೇಳುತ್ತಿದ್ದರು. ಹೋದ ವರ್ಷ ತೀರಿಕೊಂಡರು.

ಜವಳಗೇರಾಕ್ಕೆ ನಾನೇ ಹೇಳಿಕಳಿಸಿದ್ದೆ. ನಮ್ಮ ಪದ್ಧತಿಯಂತೆ ಅತ್ತೆಯ ದೇಹವನ್ನು ಪಡಸಾಲೆಯಲ್ಲಿ ಕೂರಿಸಿ, ಸುತ್ತ ಬಳಗದವರೆಲ್ಲ ಕುಳಿತಿದ್ದೆವು. ಆಕೆ ಬಂದವಳು ಹೊಸ್ತಿಲ ಹೊರಗೇ ನಿಂತಳು. ತಂದಿದ್ದ ಹಾರವನ್ನು ಯಾರ ಕೈಲಾದರೂ ಕೊಟ್ಟು ಹೋಗುವವಳಂತೆ ಮುಂದಕ್ಕೆ ಚಾಚಿದ್ದಳು. ನನಗೆ ತಲೆ ಎತ್ತಲಾಗಲಿಲ್ಲ. ಎದ್ದು ಹೋಗಿ ಆಕೆಯ ಕೈ ಹಿಡಿದೆ. "ನೀನಾ ಹಾಕು ಬಾರವ್ವ" ಅಂದೆ. ಒಳಗೆ ಇಬ್ಬರು, ಆಕೆ ತಾಕಿಯಾಳೆಂಬಂತೆ, ಸೀರೆಯ ನೆರಿಗೆ ಎಳೆದುಕೊಂಡು ಅತ್ತಿತ್ತ ಸರಿದರು. ಹಾರ ಹಾಕಿದ ಆಕೆಯನ್ನು ಆ ನಡುವಿನ ಜಾಗದಲ್ಲಿ ಕೂರಿಸಿ, ಪಕ್ಕದಲ್ಲಿ ನಾನು ಕುಳಿತೆ.